ಹದಿನೆಂಟು ಬಾಯಿ ಮೂಸಿದ ಮೇಲೆ

ಹೋದ ವಾರ ಸೋಮವಾರ ನಾನು ಹದಿನೆಂಟು ಹುಡುಗರ ಬಾಯಿ ಮೂಸಿದೆ. ಹೆಡ್‌ಮಾಸ್ತರರ ಆರ್ಡರು.

ಕಾರಣವಿತ್ತು. ಬಾಗೇವಾಡಿಯ ನಮ್ಮ ಹೈಸ್ಕೂಲಿನ ಹಿಂದೆ ಹುಸೇನಬಿಯ ಮನೆ. ಗಂಡನಿಲ್ಲದ ಹೆಂಗಸು, ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಾಳೆ. ಆಕೆಯ ಕಣಕಿಯ ಬಣವೆ (ಬೇಸಿಗೆಯ ಮೇವೆಲ್ಲ ಅದೇ) ಅಂದೇ ಮಧ್ಯಾಹ್ನದ ಊಟದ ಸೂಟಿಯಲ್ಲಿ ಉರಿದು ಬೂದಿಯಾಗಿತ್ತು. ಬಣವೆಯ ಮರೆಯಲ್ಲಿ ಮ್ಯಾಟ್ರಿಕ್ ಹುಡುಗರು ಸಿಗರೇಟು ಸೇದುತ್ತಿದ್ದರಂತೆ. ನೋಡಿದವರಿದ್ದರು, ಗುರುತು ಹೇಳುವವರಿರಲಿಲ್ಲ.

ಬೀಡಿ ಅಲ್ಲ, ಗಮನಿಸಿ. ಬೀಡಿ ಅಪ್ಪಂದಿರದು. ಟೆಂಟ್ ಸಿನಿಮಾದ ಹೀರೋ ಬೀಡಿ ಸೇದುತ್ತಾನೆಯೇ? ಈಗ ಮೀಸೆ ಮೂಡುವ ಮೊದಲೇ ಸಿಗರೇಟು ಬೇಕು. ಇಂಡಿ, ಸಿಂದಗಿಯ ಮಾಸ್ತರರೂ ಇದನ್ನೇ ಹೇಳುತ್ತಾರೆ.

ಸರಿ, ಮೂಸಿದೆ. ಒಬ್ಬನ ಬಾಯಲ್ಲಿ ಉಳ್ಳಾಗಡ್ಡಿ, ಇನ್ನೊಬ್ಬನದರಲ್ಲಿ ಬಡೇಸೋಪಿನ ಕಾಳು. ಹನ್ನೊಂದನೆಯವನು ಮುಖ ಹಿಂದಕ್ಕೆಳೆದುಕೊಂಡ.

"ಸರ್, ನಿಮ್ಮ ಬಾಯಿಂದನ ಸಿಗರೇಟಿನ ವಾಸನಿ ಬರಾಕತ್ತೈತ್ರಿ. ನಮ್ಮದು ನಿಮಗ ಹೆಂಗ ತಿಳೀಬೇಕ್ರಿ?"

ನ್ಯಾಯವಾದ ಪ್ರಶ್ನೆ. ಅವನ ಕಿವಿ ಹಿಂಡಿದೆ.

ಹದಿನೆಂಟೂ ಬಾಯಿ ಮುಗಿದಾಗ ಹಿಂದಿನ ಬೆಂಚಿನಿಂದ ಶಿವಪ್ಪ ಎದ್ದು ನಿಂತ. ಮಸೂತಿ ಎಂಬ ಹಳ್ಳಿಯ ಒಕ್ಕಲುತನದ ಮನೆಯ ಹುಡುಗ, ಇಲ್ಲಿ ಖೋಲಿ ಹಿಡಿದು ಓದುತ್ತಾನೆ.

"ನಾನ ಸೇದೀನ್ರಿ. ಕಡ್ಡಿ ಒಗದಾಂವನೂ ನಾನ ರೀ."

"ಯಾರ್ ಕಲಿಸಿದ್ರಲೇ ನಿನಗ?" ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ತರರು ಗದರಿದರು.

ಶಿವಪ್ಪ ಒಮ್ಮೆ ನನ್ನತ್ತ ನೋಡಿದ. "ಯಾರೂ ಇಲ್ರಿ."

ದಿನಾ ಸಂಜೆ ನನ್ನ ಪ್ಯಾಕೆಟ್ಟು ತರಲು ಅಂಗಡಿಗೆ ಹೋಗುತ್ತಿದ್ದವನು ಶಿವಪ್ಪ. ಅದರಲ್ಲಿ ಒಂದನ್ನು ಎತ್ತಿಟ್ಟುಕೊಳ್ಳುವುದೂ ನನಗೆ ಗೊತ್ತಿತ್ತು. ತಮಾಷೆಯೆನಿಸಿ ಸುಮ್ಮನಿದ್ದೆ. ಅಂದೂ ಸುಮ್ಮನೆ ನಿಂತೆ. ಅವನ ಹೆಸರು ಹೊಡೆದುಹಾಕುವುದೆಂದು ತೀರ್ಮಾನವಾಯಿತು. ಪರೀಕ್ಷೆಗೆ ಇನ್ನೆರಡೇ ತಿಂಗಳು.

ಮರುದಿನ ಬೆಳಿಗ್ಗೆ ಹುಸೇನಬಿಯ ಅಂಗಳಕ್ಕೆ ಹೋಗಿ ಎಲ್ಲ ಹೇಳಿದೆ. ಆಕೆ ಸೆಗಣಿಯ ಕೈ ತೊಳೆದುಕೊಂಡು ನನ್ನನ್ನು ಸೀದಾ ಹೆಡ್‌ಮಾಸ್ತರರ ಎದುರಿಗೆ ಕರೆದೊಯ್ದಳು. ಅಲ್ಲಿ ಮತ್ತೊಮ್ಮೆ ಹೇಳಿಸಿದಳು.

"ಹುಡುಗನ್ನ ಸಾಲಿ ಬಿಡಿಸಿದ್ರ ನನ್ನ ಎಮ್ಮಿ ಹೊಟ್ಟಿ ತುಂಬತೈತೇನ್ರಿ?" ಎಂದಳು. "ನನಗ ಕಣಕಿ ಬೇಕ್ರಿ. ಆಂವನ್ನೂ ಕಳಸ್ರಿ, ಈ ಮಾಸ್ತರನ್ನೂ ಕಳಸ್ರಿ, ಹೇರ್ಕೊಂಡ್ ಬರಲಿ."

ರವಿವಾರ ಮಸೂತಿಯಿಂದ ಒಂದು ಚಕ್ಕಡಿ ಕಣಕಿ ತಂದೆವು. ಶಿವಪ್ಪನ ಅಪ್ಪ ಕಣಕಿಯ ಮೇಲೆ ಕುಳಿತು, ದಾರಿಯುದ್ದಕ್ಕೂ ಬೀಡಿ ಸೇದುತ್ತ ಮಗನನ್ನು ಬೈದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಶಿವಪ್ಪ ಮತ್ತೆ ಕ್ಲಾಸಿಗೆ ಬರುತ್ತಿದ್ದಾನೆ. ನಾನು ಸಿಗರೇಟು ಬಿಟ್ಟೆನೇ ಎಂದು ಮಾತ್ರ ಕೇಳಬೇಡಿ. ಅಂಗಡಿಗೆ ನಾನೇ ಹೋಗುತ್ತೇನೆ.