ಬ್ರೇಕಣ್ಣ ಉಗುಳಿದ ಮಾತ್ರೆ

ಡಿಪೋದಲ್ಲಿ ಅವನನ್ನು ಎಲ್ಲರೂ ಬ್ರೇಕಣ್ಣ ಎನ್ನುತ್ತಿದ್ದರು. ದೊಡ್ಡ ಕರುಳಿನಲ್ಲಿ ಹುಣ್ಣಾಗಿ ರಕ್ತ ಹೋಗುತ್ತಿದ್ದ ಕಾಲದಲ್ಲಿ, ಪ್ರಯಾಣಿಕರು ಎಷ್ಟೇ ಬೈಯಲಿ, ಸಿಕ್ಕಲ್ಲಿ ಬಸ್ ನಿಲ್ಲಿಸಿ ಕಕ್ಕಸು ಹುಡುಕಿಕೊಂಡು ಓಡುತ್ತಿದ್ದ ಡ್ರೈವರ್ ಅವನು. ಅವನ ಕೆಲಸ ಉಳಿಸಿದ್ದು ಒಂದು ಹಳದಿ ಮಾತ್ರೆ. ಮರೆಗುಳಿ ಗಂಡನನ್ನು ನಂಬದ ಹೆಂಡತಿ ದಿನಾ ತಾನೇ ಅದನ್ನು ಅವನ ಅಂಗೈಗೆ ಹಾಕಿ, ಬಾಯಿಗೆ ಹೋಗುವ ತನಕ ಕದಲುತ್ತಿರಲಿಲ್ಲ.

ಮದುವೆಯಾಗಿ ವರ್ಷಗಳು ಉರುಳಿದರೂ ಮಕ್ಕಳಾಗಲಿಲ್ಲ. ಪರೀಕ್ಷೆ, ಸೂಜಿ, ಸ್ಕ್ಯಾನು ಎಲ್ಲವೂ ಅವಳಿಗೇ. ಅತ್ತೆಯ ಬಾಯಲ್ಲಿ ಅವಳು ಬಂಜೆ. ಅಷ್ಟು ದೊಡ್ಡ ಬಸ್ಸು ತಿರುಗಿಸುವ ಗಂಡಸಿನಲ್ಲಿ ಕೊರತೆ ಇದ್ದೀತೆಂದು ಒಬ್ಬರಿಗಾದರೂ ಹೊಳೆಯಬೇಕಲ್ಲ! ಕೊನೆಗೆ ಹೊಸ ಲೇಡಿ ಡಾಕ್ಟರೊಬ್ಬರು ಅವನನ್ನೂ ಪರೀಕ್ಷೆ ಮಾಡಿಸಿದರು.

"ವೀರ್ಯಾಣು ತುಂಬ ಕಮ್ಮಿ ಇದೆ. ನಿಮ್ಮ ಕರುಳಿನ ಮಾತ್ರೆಯಿಂದ ಹೀಗಾಗುತ್ತೆ. ಬೇರೆ ಮಾತ್ರೆಗೆ ಬದಲಾಯಿಸಿದ್ರೆ ಕೆಲವು ತಿಂಗಳಲ್ಲಿ ಸರಿಹೋಗಬಹುದು. ಆದ್ರೆ ನೀವಾಗೇ ನಿಲ್ಲಿಸಬೇಡಿ, ಹೊಟ್ಟೆ ಡಾಕ್ಟರನ್ನ ನೋಡಿ."

ಹೊರಗೆ ಬಂದು ಹೆಂಡತಿ ಗೋಡೆಗೊರಗಿ ಅತ್ತಳು. "ಇವತ್ತು ಅತ್ತೆಗೆ ಹೇಳಿಬಿಡಿ. ನಂಗೆ ಅಷ್ಟೇ ಸಾಕು."

ಅವನು ಹೇಳಲಿಲ್ಲ. ಮಗು ಆಗಿಬಿಟ್ಟರೆ ಹೇಳುವ ಪ್ರಮೇಯವೇ ಬರುವುದಿಲ್ಲವಲ್ಲ ಎಂಬ ಹೇಡಿ ಲೆಕ್ಕ ಅವನದು. ಹೊಟ್ಟೆ ಡಾಕ್ಟರ ಹತ್ತಿರ ಹೋದರೆ ಅಮ್ಮ ಯಾಕೆ, ಏನು ಎಂದು ಕೆದಕುತ್ತಾಳೆ. ಹಾಗಾಗಿ ಮಾತ್ರೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು, ಬಚ್ಚಲಿಗೆ ಹೋಗಿ ಉಗುಳತೊಡಗಿದ. ಮತ್ತೆ ರಕ್ತ ಶುರುವಾಯಿತು, ಅದನ್ನೂ ಮುಚ್ಚಿಟ್ಟ. ಒಂದು ದಿನ ಸ್ಟೇರಿಂಗ್ ಮೇಲೆಯೇ ಕುಸಿದ. ಪುಣ್ಯಕ್ಕೆ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು.

ದೊಡ್ಡ ಕರುಳನ್ನೇ ತೆಗೆದುಹಾಕಿ, ಮಲ ಬೀಳಲು ಹೊಟ್ಟೆಗೊಂದು ಚೀಲ ಅಂಟಿಸಿದರು. ಎಚ್ಚರವಾದಾಗ ಮಂಚದ ಪಕ್ಕದಲ್ಲಿ ಅಮ್ಮ ಸೊಸೆಯ ಮೇಲೆ ಹರಿಹಾಯುತ್ತಿದ್ದಳು.

"ಎಲ್ಲಾ ಇವಳ ಕಾಲ್ಗುಣ! ಒಂದು ಮಗು ಹೆರಲಿಲ್ಲ, ಈಗ ನನ್ನ ಮಗನನ್ನೂ ನುಂಗೋಕೆ ಹೊರಟಿದ್ದಾಳೆ."

ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. "ಅಮ್ಮಾ, ಕೊರತೆ ಇದ್ದದ್ದು ನನ್ನಲ್ಲಿ. ಆ ಮಾತ್ರೆಯಿಂದ. ಅವಳದೇನೂ ತಪ್ಪಿಲ್ಲ."

ಅಮ್ಮ ಗಳಗಳನೆ ಅತ್ತು ನರ್ಸ್ ಕಡೆ ತಿರುಗಿದಳು.

"ನೋಡಮ್ಮಾ, ನನ್ನ ಮಗ ಎಂಥ ಚಿನ್ನ! ಈ ಸ್ಥಿತೀಲೂ ಹೆಂಡ್ತಿ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾನೆ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಚೀಲ ಬದಲಾಯಿಸಲೆಂದು ಮೂಲೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು, ತಿರುಗಲಿಲ್ಲ.