ಕಾರಿನಲ್ಲಿ ಓದುವ ಮರಿಸೆಲಾ

ತನ್ನೂರು ಯಾಕಿಮಾದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಮೂರನೆಯ ವರ್ಷಕ್ಕೆ ದೂರದ ಮಿಷಿಗನ್ನಿನ ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಗಿಟ್ಟಿಸಿಕೊಂಡ ಮರಿಸೆಲಾಳಿಗೆ ಹಾಸ್ಟೆಲಿನಲ್ಲಿ ಮಂಚ, ಮೇಜು, ದೀಪ ಎಲ್ಲವೂ ಇವೆ. ಓದುವುದು ಮಾತ್ರ ಕೆಳಗೆ ನಿಲ್ಲಿಸಿದ ತನ್ನ ಹಳೇ ಕಾರಿನಲ್ಲಿ. ಸ್ಟಿಯರಿಂಗಿಗೆ ಪುಸ್ತಕ ಆನಿಸದಿದ್ದರೆ ಅವಳ ತಲೆಗೆ ಒಂದಕ್ಷರವೂ ಹತ್ತದು. ಹಿಂದಿನ ಸೀಟೇ ಅವಳ ಬೀರು, ಹೀಟರಿನ ಬಿಸಿಗಾಳಿಯೇ ಟೊರ್ತಿಯಾ ರೊಟ್ಟಿ ಕಾಯಿಸುವ ಒಲೆ. ಹಿಮ ಬಿದ್ದು ಗಾಜು ಮುಚ್ಚಿಹೋದರೂ ಆಸಾಮಿ ಜಗ್ಗುವುದಿಲ್ಲ. "ಅಷ್ಟು ದೊಡ್ಡ ಲೈಬ್ರರಿ ಬಿಟ್ಟು ಇಲ್ಲಿ ಯಾಕೇ ನಡುಗ್ತೀಯ? ಕಾರಿಗೂ ಡಿಗ್ರಿ ಕೊಡಿಸ್ಬೇಕು ಅಂತಿದೀಯೇನು?" ಎಂದು ರೂಮಿನ ಗೆಳತಿ ಹ್ಯಾಡ್ಲಿ ಛೇಡಿಸಿದರೆ, "ಅಲ್ಲಿ ಗೊರಕೆ ಕೇಳ್ಸಲ್ಲ ಕಣೇ" ಎಂದು ನಕ್ಕು ಮತ್ತೆ ಪುಸ್ತಕಕ್ಕೆ ಬಗ್ಗುತ್ತಾಳೆ. ಒಂದು ಸಂಜೆ ಹ್ಯಾಡ್ಲಿ ಪಕ್ಕದಲ್ಲಿ ಕೂರಲು ಬಂದು, ಪೂರ್ತಿ ಹಿಂದಕ್ಕೆ ಒರಗಿದ್ದ ಸೀಟನ್ನು ಎತ್ತಹೋದಳು. "ಬೇಡ ಕಣೇ, ಹಾಗೇ ಇರ್ಲಿ. ಅಮ್ಮ ಮಲಗೋದು ಹಾಗೇ" ಎಂದಳು ಮರಿಸೆಲಾ. ಯಾಕಿಮಾದಲ್ಲಿದ್ದಾಗ, ಸೇಬು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ರಾತ್ರಿಪಾಳಿ ಮುಗಿಸಿದ ತಾಯಿ, ಮಗಳ ತರಗತಿಗಳು ಮುಗಿಯುವವರೆಗೆ ಕಾಲೇಜಿನ ಅಂಗಳದಲ್ಲಿ ಆ ಸೀಟಿನಲ್ಲೇ ನಿದ್ದೆ ಮಾಡುತ್ತಿದ್ದಳು. ಬಿಡುವು ಸಿಕ್ಕಾಗಲೆಲ್ಲ ಮಗಳು ಬಂದು ಪಕ್ಕದಲ್ಲಿ ಓದುತ್ತಿದ್ದಳು. ಕಾರನ್ನು ಮಗಳಿಗೆ ಕೊಟ್ಟ ತಾಯಿ ಈಗ ಬಸ್ಸಿನಲ್ಲಿ ನಿಂತುಕೊಂಡೇ ಮನೆ ಸೇರುತ್ತಾಳೆ. ಇಲ್ಲಿ ಮರಿಸೆಲಾ, ಪಕ್ಕದ ಸೀಟು ಖಾಲಿಯಿದ್ದರೂ, ಪುಟಗಳನ್ನು ಇನ್ನೂ ಸದ್ದಾಗದಂತೆಯೇ ತಿರುವುತ್ತಾಳೆ.