ಸಾವಿರದ ನೂರು ಎಂದರೆ ಎಷ್ಟು

ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಶಾಲೆಗಳು ಶುರುವಾಗುವ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸಮವಸ್ತ್ರದ ಬಟ್ಟೆ ಬಿದ್ದಿರುತ್ತಿತ್ತು. ನಡುವಿನ ಕೋಣೆ ಮಾವನದು. ಅವರು ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ದುಡಿದು, ಅಲ್ಲಿನ ಧೂಳನ್ನು ಎದೆಯಲ್ಲೇ ತುಂಬಿಕೊಂಡು ಮನೆಗೆ ಬಂದವರು. ಈಗ ಅವರ ಮೂಗಿಗೊಂದು ಸಣ್ಣ ಕೊಳವೆ. ಅದರ ಇನ್ನೊಂದು ತುದಿಗೆ, ಕೋಣೆಯ ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಯಂತ್ರ. ಕರೆಂಟು ಇದ್ದರೆ ಅದು ಕೆಲಸ ಮಾಡೀತು, ಇಲ್ಲದಿದ್ದರೆ ಬರೀ ಪೆಟ್ಟಿಗೆ.

ಅವಳ ಗಂಡ ಲಾರಿ ಓಡಿಸುವವನು. ಮನೆಯಲ್ಲಿ ಕಾಣಿಸಿಕೊಳ್ಳುವುದಕ್ಕಿಂತ ಫೋನಿನಲ್ಲಿ ಕೇಳಿಸಿಕೊಳ್ಳುವುದೇ ಹೆಚ್ಚು. ಅಪ್ಪನಿಗೆ ಯಂತ್ರ ಬಂದ ಕೂಡಲೇ ಅವನು ಮುಂದೆ ನಿಂತು ಮಾಳಿಗೆಯ ಮೇಲೆ ಎರಡು ಸೋಲಾರ್ ಪ್ಯಾನೆಲ್, ಮೆಟ್ಟಿಲ ಕೆಳಗೆ ಒಂದು ಇನ್ವರ್ಟರ್, ಒಂದು ಬ್ಯಾಟರಿ ಹಾಕಿಸಿದ್ದ. ಎಂಟು ಗಂಟೆ ಕರೆಂಟು ಹೋದರೂ ನಿಮಗೆ ಗೊತ್ತೇ ಆಗುವುದಿಲ್ಲ ಎಂದು ಸೋಲಾರ್ ಅಂಗಡಿಯವನು ಹೇಳಿದ್ದನಂತೆ. ಆ ಮಾತನ್ನು ನಂಬಿ ಅವಳು ನೆಮ್ಮದಿಯಾಗಿದ್ದಳು.

ಆ ನೆಮ್ಮದಿ ಹಾರಿಹೋದದ್ದು ಒಂದು ಬೆಳಗ್ಗೆ. ಕರೆಂಟು ಹೋಗಿತ್ತು, ಯಂತ್ರ ಇನ್ವರ್ಟರಿನ ಮೇಲೆ ಓಡುತ್ತಿತ್ತು. ಹೊಲಿದಿಟ್ಟ ಅಂಗಿಗಳಿಗೆ ಇಸ್ತ್ರಿ ಹಾಕಬೇಕಿತ್ತು. ಅವಳು ಲೆಕ್ಕವಿಲ್ಲದೆ ಏನನ್ನೂ ಮಾಡುವವಳಲ್ಲ. ಮೆಟ್ಟಿಲ ಕೆಳಗೆ ಬಗ್ಗಿ ನೋಡಿದಳು. ಇನ್ವರ್ಟರಿನ ಮೇಲೆ 1100 ವಿಎ ಎಂದಿತ್ತು. ಮಾವನ ಯಂತ್ರ ಮುನ್ನೂರೈವತ್ತು ವ್ಯಾಟು, ಇಸ್ತ್ರಿ ಪೆಟ್ಟಿಗೆ ಏಳುನೂರೈವತ್ತು. ಅಳತೆ ಹಿಡಿದು ಹೊಲಿದಂತೆ ಸರಿಹೋಯಿತು ಎಂದುಕೊಂಡು ಸ್ವಿಚ್ಚು ಒತ್ತಿದಳು. ಇನ್ವರ್ಟರು ಚೀರಿತು, ಕೆಂಪು ದೀಪ ಹೊತ್ತಿತು, ಒಳಗೆ ಯಂತ್ರ ನಿಂತೇಹೋಯಿತು.

ಅವಳು ಇಸ್ತ್ರಿಯ ವೈರು ಕಿತ್ತೆಸೆದು, ಇನ್ವರ್ಟರಿನ ಗುಂಡಿ ಒತ್ತಿ ಮತ್ತೆ ಚಾಲೂ ಮಾಡಿ, ಒಳಗೋಡಿದಳು. ಮಾವ ಹಾಸಿಗೆಯ ಅಂಚು ಹಿಡಿದು ಕೂತಿದ್ದರು. ತುಟಿ ಕಪ್ಪಿಟ್ಟಿತ್ತು. ಉಸಿರು ಹಿಡಿತಕ್ಕೆ ಬಂದ ಮೇಲೆ ಅವರು ಕೇಳಿದ ಮೊದಲ ಮಾತು, ಅಂಗಿಗಳೇನಾದರೂ ಸುಟ್ಟವೇ ಎಂದು.

ಅಂದಿನಿಂದ ಅವಳು ಅದೇ ಅಂಕಿಗಳನ್ನು ಮತ್ತೆ ಮತ್ತೆ ಕೂಡಿಸಿ ನೋಡಿದಳು. ಕೂಡಿಸಿದರೆ ಸರಿಯಾಗುವ ಲೆಕ್ಕ ಯಾಕೆ ಸರಿಯಾಗಲಿಲ್ಲ? ಅದು ಸುಳ್ಳಾದರೆ ಎಂಟು ಗಂಟೆಯ ಮಾತೂ ಸುಳ್ಳೇ? ಅದೇ ವಾರ ವಿದ್ಯುತ್ ಕಚೇರಿಯಿಂದ ಪ್ರಕಟಣೆ ಬಂತು: ಹಳೆಯ ತಂತಿ ಬದಲಿಸುವ ಕೆಲಸ, ಮುಂದಿನ ಗುರುವಾರ ಬೆಳಗ್ಗೆಯಿಂದ ಸಂಜೆಯವರೆಗೆ ಇಡೀ ಬಡಾವಣೆಗೆ ಕರೆಂಟಿಲ್ಲ. ಅವಳು ಸೋಲಾರ್ ಅಂಗಡಿಗೆ ಫೋನು ಮಾಡಿ ಮಾಡಿ ಬೆರಳು ಸವೆಸಿಕೊಂಡ ಮೇಲೆ, ಸೋಲಾರ್ ಕೂರಿಸಿದ್ದ ಮೆಕ್ಯಾನಿಕ್ಕು ಬಂದ.

ಅವನು ಹೆಚ್ಚು ಮಾತಿನವನಲ್ಲ, ಆದರೆ ಮುಚ್ಚುಮರೆಯವನೂ ಅಲ್ಲ. ವಿಎ ಬೇರೆ, ವ್ಯಾಟು ಬೇರೆ ಎಂದು ಬಿಡಿಸಿ ಹೇಳಿದ. ಈ ಪೆಟ್ಟಿಗೆಯ ಮೇಲೆ ಸಾವಿರದ ನೂರು ಎಂದಿದ್ದರೂ ಅದು ಹೊರಬಲ್ಲದ್ದು ಎಂಟುನೂರ ಎಂಬತ್ತು ವ್ಯಾಟು ಮಾತ್ರ. ಫ್ರಿಜ್ಜಿನ ಮೋಟರಂತೂ ಶುರುವಾಗುವಾಗ ತನ್ನ ಪಾಲಿನ ಮೂರು ನಾಲ್ಕು ಪಟ್ಟು ಕೇಳುತ್ತದೆ, ಆದ್ದರಿಂದ ಅದನ್ನೂ ಇದಕ್ಕೆ ಸೇರಿಸಬೇಡಿ ಎಂದ.

"ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಅದನ್ನ ಹೇಳಪ್ಪ," ಎಂದಳು ಅವಳು.

"ನೂರೈವತ್ತು ಎಎಚ್, ಅಂದ್ರೆ ಆಂಪಿಯರ್ ಅವರ್, ಹನ್ನೆರಡು ವೋಲ್ಟು. ಗುಣಿಸಿದ್ರೆ ಸಾವಿರದ ಎಂಟುನೂರು ವ್ಯಾಟ್ ಅವರ್ ಬರುತ್ತೆ ಅಕ್ಕ. ಆದ್ರೆ ಅದು ನಿಧಾನವಾಗಿ, ಹತ್ತಿಪ್ಪತ್ತು ಗಂಟೆ ತಗೊಂಡು ಖಾಲಿ ಮಾಡಿದ್ರೆ ಸಿಗೋ ಲೆಕ್ಕ. ಜೋರಾಗಿ ಎಳೆದ್ರೆ ಅಷ್ಟು ಕೊಡಲ್ಲ. ಪೂರ್ತಿ ಖಾಲಿ ಮಾಡಿದ್ರೆ ಬ್ಯಾಟರಿನೇ ಹಾಳಾಗುತ್ತೆ. ಅರ್ಧ ಅಂತ ಇಟ್ಕೊಳ್ಳಿ."

"ನೀರಿಗೆ ಹಾಕಿ ಕುಗ್ಗಿಸದ ಬಟ್ಟೆ ಅಳತೆ ಇದ್ದ ಹಾಗೆ ಅನ್ನು."

"ಹಾಗೇ. ಅರ್ಧ ಅಂದ್ರೆ ಒಂಬೈನೂರು; ಮುನ್ನೂರೈವತ್ತರ ಈ ಯಂತ್ರಕ್ಕೆ ಎರಡು ಗಂಟೆ, ಸ್ವಲ್ಪ ಹೆಚ್ಚು. ಬಿಸಿಲಿದ್ರೆ ಪ್ಯಾನೆಲ್ಲೇ ನಡೆಸುತ್ತೆ, ಬ್ಯಾಟರಿ ಮುಟ್ಟೋದೂ ಇಲ್ಲ."

"ಬಿಸಿಲಿಲ್ದಿದ್ರೆ?"

ಅವನು ಇದ್ದದ್ದನ್ನು ಹೇಳಿದ: ಎಂಟು ಗಂಟೆ ಎಂದದ್ದು ದೀಪ, ಫ್ಯಾನಿಗೆ. ಈ ಯಂತ್ರದ ವಿಷಯ ಅಂಗಡಿಯಲ್ಲಿ ಯಾರೂ ಕೇಳಿರಲೂ ಇಲ್ಲ, ಇವರು ಹೇಳಿರಲೂ ಇಲ್ಲ. ಇನ್ನೊಂದು ಬ್ಯಾಟರಿ ಗುರುವಾರದೊಳಗೆ ಸಿಗುವಂತಿರಲಿಲ್ಲ. ಇನ್ವರ್ಟರಿನ ಪರದೆಯಲ್ಲಿ ವೋಲ್ಟು ಎಲ್ಲಿ ನೋಡಬೇಕೆಂದು ತೋರಿಸಿ, ಹನ್ನೊಂದೂವರೆಗಿಂತ ಕೆಳಗೆ ಇಳಿಯಲು ಬಿಡಬೇಡಿ ಎಂದು ಹೇಳಿ ಹೋದ.

ಆಸ್ಪತ್ರೆಯಲ್ಲಿ ಆಮ್ಲಜನಕದ ದೊಡ್ಡ ಸಿಲಿಂಡರು ಕೇಳಿದಳು; ಎಲ್ಲ ಬೇರೆ ಮನೆಗಳಿಗೆ ಹೋಗಿದ್ದವು. ಒಂದು ದಿನದ ಮಟ್ಟಿಗೆ ಆಸ್ಪತ್ರೆಗೇ ಸೇರಿಬಿಡೋಣ ಎಂದರೆ ಮಾವ ಸುತರಾಂ ಒಪ್ಪಲಿಲ್ಲ. ಹಿಂದಿನ ಸಲ ಒಂದು ಕಾಯಿಲೆಗೆಂದು ಹೋಗಿ ಎರಡು ಹೊತ್ತು ತಂದಿದ್ದೇನೆ ಎಂದರು. ಉಳಿದದ್ದು ಆಸ್ಪತ್ರೆಗೆ ಹೋಗಿಬರುವ ದಾರಿಗೆಂದು ಇಟ್ಟುಕೊಂಡಿದ್ದ, ಕೈಯಲ್ಲಿ ಎತ್ತಬಹುದಾದ ಪುಟ್ಟ ಸಿಲಿಂಡರು. ಅದು ಎರಡು ಗಂಟೆ ಬಂದರೆ ಹೆಚ್ಚು.

ಗುರುವಾರ ಕಣ್ಣು ಬಿಟ್ಟರೆ ಆಕಾಶ ಕೊಳೆ ಬಟ್ಟೆ ಹೊದ್ದಂತಿತ್ತು. ಕರೆಂಟು ಹೇಳಿದ ಹೊತ್ತಿಗೆ ಸರಿಯಾಗಿ ಹೋಯಿತು; ತೆಗೆಯುವುದರಲ್ಲಿ ವಿದ್ಯುತ್ ಕಚೇರಿಯವರು ಎಂದೂ ತಡಮಾಡಿದವರಲ್ಲ. ಅವಳು ದೀಪ, ಫ್ಯಾನು, ಎಲ್ಲ ಆರಿಸಿ ಯಂತ್ರವೊಂದನ್ನೇ ಬಿಟ್ಟಳು. ಆ ದಿನ ಹೊಲಿಗೆ ನೆಪಕ್ಕೆ ಮಾತ್ರ ಇತ್ತು. ಒಂದು ಕಾಲರು ತಿರುಗುಮುರುಗಾಗಿ ಹೊಲಿದು ಬಿಚ್ಚಿದಳು, ಮತ್ತೆ ಹೊಲಿದು ಮತ್ತೆ ಬಿಚ್ಚಿದಳು. ನಡುನಡುವೆ ಮೆಟ್ಟಿಲ ಕೆಳಗೆ ಹೋಗಿ ಬಗ್ಗಿ ನೋಡುವುದು. ಪ್ಯಾನೆಲ್ಲಿನಿಂದ ಬರುತ್ತಿದ್ದದ್ದು ಯಂತ್ರ ಎಳೆಯುತ್ತಿದ್ದುದರ ಅರ್ಧ. ಉಳಿದರ್ಧ ಬ್ಯಾಟರಿಯಿಂದ ಹೋಗುತ್ತಿತ್ತು, ವೋಲ್ಟಿನ ಅಂಕಿ ಒಂದೊಂದೇ ಚೂರು ಇಳಿಯುತ್ತಿತ್ತು.

ಮಧ್ಯಾಹ್ನಕ್ಕೆ ಅಂಕಿ ಹನ್ನೊಂದೂ ಮುಕ್ಕಾಲಿನ ಹತ್ತಿರ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸಿಲಿಂಡರನ್ನು ಕಟ್ಟಕಡೆಗೆಂದು ಇಟ್ಟಿದ್ದಳು. ಹಾಗೇ ಇಟ್ಟರೆ ಬ್ಯಾಟರಿ ಈಗಲೇ ಸತ್ತುಹೋಗುತ್ತದೆ. ಸಿಲಿಂಡರೂ ಮುಗಿದ ಮೇಲೆ ಬ್ಯಾಟರಿ ತುಂಬಿಸಲು ಬಿಸಿಲಿನ ಹೊತ್ತೇ ಇರುವುದಿಲ್ಲ. ಈಗಲೇ ತೆಗೆದರೆ, ಮೋಡದ ಹಿಂದೆ ಸೂರ್ಯ ನೆತ್ತಿಯ ಮೇಲಿರುವ ಈ ಎರಡು ಗಂಟೆ ಪ್ಯಾನೆಲ್ಲು ಕೊಟ್ಟದ್ದೆಲ್ಲ ಬ್ಯಾಟರಿಗೆ ಸೇರುತ್ತದೆ. ಆದರೆ ಆಮೇಲೆ ಕೈಯಲ್ಲಿ ಬೇರೇನೂ ಉಳಿಯುವುದಿಲ್ಲ. ಗಂಡನಿಗೆ ಫೋನು ಹಚ್ಚಿದಳು, ಸಿಗಲಿಲ್ಲ. ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ. ಎದ್ದು ಒಳಗೆ ಹೋಗಿ, ಮಾವನ ಕೊಳವೆಯನ್ನು ಸಿಲಿಂಡರಿಗೆ ಬದಲಿಸಿ, ಯಂತ್ರ ನಿಲ್ಲಿಸಿದಳು.

ಅಂಕಿ ಮೇಲೇರತೊಡಗಿತು. ಒಮ್ಮೆ ಮೋಡ ಸರಿದು ಅಂಗಳಕ್ಕೆ ಬಿಸಿಲು ಬಿದ್ದಾಗ, ಅದನ್ನು ಬಾಚಿ ಒಳಗೆ ಹಾಕಿಕೊಳ್ಳಬೇಕೆನಿಸಿತು ಅವಳಿಗೆ. ಸಿಲಿಂಡರು ಮುಗಿದಾಗ ಮತ್ತೆ ಯಂತ್ರ. ಸಂಜೆಯಾಯಿತು. ಕರೆಂಟು ಬರುವ ಹೊತ್ತು ಬಂತು, ಕರೆಂಟು ಬರಲಿಲ್ಲ. ಕಚೇರಿಯ ಫೋನು ಯಾರೂ ಎತ್ತಲಿಲ್ಲ. ಪ್ಯಾನೆಲ್ಲಿನ ಲೆಕ್ಕ ಸೊನ್ನೆಗೆ ಬಂದು, ಬ್ಯಾಟರಿಯ ಅಂಕಿ ಜಾರತೊಡಗಿತು.

ಮಾವ ಅವಳನ್ನು ಕರೆದರು. "ಎಷ್ಟು ಸಲ ಬಗ್ಗಿ ನೋಡ್ತೀಯಮ್ಮ, ಸೊಂಟ ಹೋಗುತ್ತೆ. ಸ್ವಲ್ಪ ಹೊತ್ತು ಇದನ್ನ ಆರಿಸು. ನಾನು ಅಲ್ಲಾಡದೆ ಕೂತಿರ್ತೀನಿ."

"ಬೇಡ ಮಾವ."

"ನನ್ನಿಂದ ನಿನಗೆ ಎಷ್ಟು ತಾಪತ್ರಯ."

"ನೀವು ಸುಮ್ನೆ ಉಸಿರಾಡಿ. ಲೆಕ್ಕ ನನಗೆ ಬಿಡಿ," ಎಂದಳು. ದನಿ ಗಡುಸಾಗಿತ್ತು, ಕೈ ಮಾತ್ರ ಅವರ ಬೆರಳುಗಳನ್ನು ಬಿಡಲಿಲ್ಲ.

ಹೊರಗೆ ಬಂದು ಆಂಬುಲೆನ್ಸಿಗೆ ಫೋನು ಮಾಡಿದಳು. ಬ್ಯಾಟರಿ ಇನ್ನು ಅರ್ಧ ಗಂಟೆಯೂ ಬರುವುದಿಲ್ಲ, ಮನೆಯಲ್ಲಿ ಆಮ್ಲಜನಕದ ಮೇಲಿರುವವರಿದ್ದಾರೆ ಎಂದು ಅಳದೆ, ತಡವರಿಸದೆ ಹೇಳಿದಳು. ಬ್ಯಾಗಿಗೆ ಮಾವನ ಬಟ್ಟೆ, ಮಾತ್ರೆ ತುಂಬಿದಳು. ಮಾವ ಈ ಸಲ ಬೇಡವೆನ್ನಲಿಲ್ಲ.

ಆಂಬುಲೆನ್ಸು ಬೀದಿಯ ತಿರುವಿಗೆ ಬಂದಾಗ ಮನೆಮನೆಯ ದೀಪಗಳು ಒಟ್ಟಿಗೇ ಹೊತ್ತಿಕೊಂಡವು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಆಗ ಬಂತು ಅಳು. ಸುಮ್ಮನೆ ಕರೆಸಿದೆನಲ್ಲ ಎಂದು ಕ್ಷಮೆ ಕೇಳಿದರೆ, ಜೊತೆಗೆ ಬಂದಿದ್ದ ನರ್ಸು ಮಾವನ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿ ನೋಡಿ, ಇನ್ನು ಮೇಲೂ ಹೀಗೇ ಬೇಗ ಕರೆಯಿರಿ ಎಂದಳು.

ಮುಂದಿನ ತಿಂಗಳು ಗಂಡ ಊರಿಗೆ ಬಂದಾಗ ಬ್ಯಾಟರಿ ಕೊಳ್ಳಲು ಅವಳೂ ಹೋದಳು. ಎಷ್ಟು ಗಂಟೆ ಬರುತ್ತದೆ ಎಂದು ಕೇಳಲಿಲ್ಲ. ಮನೆಯಲ್ಲಿ ಓಡುವ ಯಂತ್ರ ಯಾವುದು, ಅದು ಎಷ್ಟು ಎಳೆಯುತ್ತದೆ ಎಂದು ಹೇಳಿ, ಮೋಡದ ದಿನವೂ ಅದು ಇಡೀ ಹಗಲು ಓಡಲು ಏನೇನು ಬೇಕು ಎಂದು ಕೇಳಿದಳು. ಬ್ಯಾಟರಿಯ ಜೊತೆಗೆ, ಎರಡು ಬ್ಯಾಟರಿ ಹಿಡಿಯುವ ಇನ್ವರ್ಟರನ್ನೂ ತಂದರು.

ಮಾವ ಆಮೇಲೆ ಎರಡು ವರ್ಷ ಇದ್ದರು. ಅವರು ಹೋದ ಮೇಲೆ ಯಂತ್ರವನ್ನು ಆಸ್ಪತ್ರೆಯವರ ಮೂಲಕ ಬೇರೊಂದು ಮನೆಗೆ ಕೊಟ್ಟಳು. ಹೆಂಡತಿಗೆಂದು ಅದನ್ನು ಒಯ್ಯಲು ಬಂದಾತ ನಮ್ಮಲ್ಲೂ ಇನ್ವರ್ಟರಿದೆ, ಚಿಂತೆಯಿಲ್ಲ ಎಂದ. ಟೈಲರಮ್ಮ ಕತ್ತರಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಅವನ ಜೊತೆಯಲ್ಲೇ ಹೊರಟಳು.